ಗುರುವಾರದ ಚೌಕಗಳು

ಸೆಪ್ಟೆಂಬರ್ ೪, ಗುರುವಾರ

ಬೈಗುಳ ಒಳಗೇ ಉಳಿದರೆ ಹೊಟ್ಟೆ ಕೆಡುತ್ತದೆ. ಗಂಡನ ಮೇಲೆ ಸುರಿದರೆ ಅವನು ದೋಣಿ ಇಡುವ ಕೊಟ್ಟಿಗೆಗೆ ಹೋಗಿ ಕೂತುಬಿಡುತ್ತಾನೆ. ಹಾಗಾಗಿ ಇಲ್ಲಿ ಬರೆಯುತ್ತೇನೆ.

ಇವತ್ತು ನನ್ನ ಕೊರಳಿಗೆ ಗಂಟೆ ಕಟ್ಟಿದರು. ಎರಡು ವಾರಕ್ಕೊಮ್ಮೆ ಗುರುವಾರ ಪರದೆಯ ಮೇಲೆ ನಡೆಯುವ ನರ್ಸಿಂಗ್ ವಿಭಾಗದ ಸಭೆಯನ್ನು ಇನ್ನು ಮುಂದೆ ನಾನು ನಡೆಸಬೇಕಂತೆ. ಇಷ್ಟು ದಿನ ನಡೆಸಿದ ಬೆರಿಟ್ ಆರೋಗ್ಯ ಕೆಟ್ಟು ರಜೆಯ ಮೇಲಿದ್ದಾಳೆ. ಕೆಡದೆ ಇನ್ನೇನು ಆದೀತು?

ಯಾವನೋ ಮಂತ್ರಿಗೆ ಹೊಳೆದದ್ದಕ್ಕೆ ನಾರ್ವೆಯ ಈ ಉತ್ತರ ತುದಿಯ ನಾಲ್ಕು ಕಾಲೇಜುಗಳನ್ನು ಒಂದೇ ಚೀಲಕ್ಕೆ ತುಂಬಿ ಬಾಯಿ ಹೊಲಿದರು. ಪಟ್ಟಣದ ನಾವು, ದ್ವೀಪದವರು, ಕೊಲ್ಲಿಯವರು, ಒಳನಾಡಿನವರು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಬಸ್ಸು, ದೋಣಿ, ಮತ್ತೆ ಬಸ್ಸು. ಚಳಿಗಾಲದಲ್ಲಿ ಅದನ್ನೂ ನಂಬುವ ಹಾಗಿಲ್ಲ. ಕಾಗದದ ಮೇಲೆ ಮಾತ್ರ ನಾವೆಲ್ಲ ಒಂದೇ ಸೂರಿನಡಿ.

ಡೀನ್ ವಿದಾರ್ ನನ್ನ ಹಳೆಯ ವಿದ್ಯಾರ್ಥಿ. ರೋಗಿ ಮಲಗಿರುವಾಗ ಹಾಸಿಗೆಯ ಬಟ್ಟೆ ಬದಲಿಸುವುದು ಅವನಿಗೆ ಕೊನೆಯವರೆಗೂ ಬರಲಿಲ್ಲ. ಅಂಥವರು ಡೀನ್ ಆಗುತ್ತಾರೆ.

"ಗುನ್ವೊರ್, ಈ ಕೆಲಸಕ್ಕೆ ನೀವೇ ಸರಿ," ಅಂದ.

"ಯಾಕೆ?"

"ನಿಮಗೆ ಸುಮ್ಮನೆ ಹೊತ್ತು ಕಳೆಯೋರನ್ನ ಕಂಡ್ರೆ ಆಗಲ್ಲ."

ಹೊಗಳಿಕೆ ಎಂದುಕೊಂಡು ಒಪ್ಪಿದೆ.

ಊಟಕ್ಕೆ ಬೇಯಿಸಿದ ಮೀನು, ಆಲೂಗಡ್ಡೆ. ಗಂಡ ಸ್ಟೈನಾರ್ ಮುಳ್ಳು ತೆಗೆಯುತ್ತ ಅಂದ: "ಅಂತೂ ನಾಯಕಿ ಆದೆ ಅನ್ನು."

"ನಾಯಕಿ ಅಲ್ಲ, ಕುರಿ ಕಾಯೋಳು."

"ಕುರಿಗಳು ಹೇಗಿವೆ?"

"ಯಾರಿಗೆ ಗೊತ್ತು? ಕೆಲವು ಮುಖಾನೇ ತೋರಿಸಲ್ಲ."

ಸೆಪ್ಟೆಂಬರ್ ೧೮, ಗುರುವಾರ

ಮೊದಲ ಸಭೆ. ಪಟ್ಟಣದ ನಾವೆಲ್ಲ ಉದ್ದ ಮೇಜಿನ ಸುತ್ತ, ಎಂದಿನಂತೆ ಕೇಕ್ ಇಟ್ಟುಕೊಂಡು. ಗೋಡೆಯ ಪರದೆಯ ಮೇಲೆ ಮೂರು ಚೌಕಗಳು.

ಒಂದನೆಯದು ಮಾರ್ಗಿಟ್, ದ್ವೀಪದವರು. ದೋಣಿ ಬಂತೇ, ಬರುತ್ತದೆಯೇ, ಬಂದರೆ ನಿಲ್ಲುತ್ತದೆಯೇ ಎಂಬುದನ್ನು ಬಿಟ್ಟು ಆ ಹೆಂಗಸಿಗೆ ಲೋಕದಲ್ಲಿ ಬೇರೆ ಸುದ್ದಿಯಿಲ್ಲ. ಎರಡನೆಯದು ಯೋಹಾನ್ನೆ, ಕೊಲ್ಲಿ ಶಾಖೆಯಲ್ಲಿ ಪಾಠ ಹೇಳುವ ಹುಡುಗಿ. ತೊಡೆಯ ಮೇಲೆ ಮಗು. ಸಭೆಯೋ ತೊಟ್ಟಿಲುಮನೆಯೋ ತಿಳಿಯದು. ಮೂರನೆಯದು ಬರಿಯ ಕಪ್ಪು. ಕೆಳಗೆ ಬಿಳಿ ಅಕ್ಷರದಲ್ಲಿ ನೀಲಾಸ್ ಎಂಬ ಹೆಸರು. ಒಳನಾಡಿನಲ್ಲಿ, ಉತ್ತರದ ಮೂಲನಿವಾಸಿಗಳಾದ ಸಾಮಿ ಜನರ ನಡುವೆ ನಮ್ಮ ಅತಿ ಚಿಕ್ಕ ತರಗತಿ ನಡೆಸುವ ಆಸಾಮಿ. ಇದ್ದಾನೋ, ಕಾಫಿಗೆ ಹೋಗಿದ್ದಾನೋ, ದೇವರೇ ಬಲ್ಲ.

"ಒಳನಾಡಿನಿಂದ ಏನಾದರೂ ಇದೆಯೇ?" ಎಂದು ಕೇಳಿದೆ. ದನಿ ಬರಲಿಲ್ಲ. ಮುಂದಿನ ವಿಷಯಕ್ಕೆ ಹೋದೆವು. ಅದೂ ಅರ್ಧ ಮುಗಿದಾಗ ಕಪ್ಪು ಚೌಕದಿಂದ, "ಹಾಂ, ನಾನು ಹೇಳಬೇಕು ಅಂದಿದ್ದು..." ಎಂಬ ದನಿ ಬಂತು.

ಔಷಧಶಾಸ್ತ್ರದ ಎಗಿಲ್ ಬಾಯಿತುಂಬ ಕೇಕ್ ಇಟ್ಟುಕೊಂಡು, "ಅಂಚೆಯಲ್ಲಿ ಬಂತು ನೋಡಿ," ಅಂದ. ಎಲ್ಲರೂ ನಕ್ಕೆವು. ಕಪ್ಪು ಚೌಕ ಮತ್ತೆ ಬಾಯಿ ಬಿಡಲಿಲ್ಲ. ಸಮಯ ಉಳಿಯಿತು.

ಅಕ್ಟೋಬರ್ ೨, ಗುರುವಾರ

ಸಭೆ. ದೋಣಿ. ಮಗು. ಕಪ್ಪು ಚೌಕ. ನನ್ನ ಆಯುಷ್ಯ.

ಅಕ್ಟೋಬರ್ ೧೪, ಮಂಗಳವಾರ

ಓಸ್ಲೋದಿಂದ ಒಬ್ಬ ಪಂಡಿತನನ್ನು ಕರೆಸಿದ್ದರು. ದೂರದೂರದಲ್ಲಿರುವ ಸಹೋದ್ಯೋಗಿಗಳ ಸಭೆ ನಡೆಸುವುದು ಹೇಗೆ ಎಂದು ಕಲಿಸಲು. ಹೆಸರು ಬೆಂಡಿಕ್. ಕಾಲುಚೀಲ ಹಳದಿ. ಬಂದವನೇ, "ಇವತ್ತು ನಿಮ್ಮ ಮನಸ್ಸಿನ ಹವಾಮಾನ ಹೇಗಿದೆ? ನಿಮ್ಮನ್ನು ಒಂದು ಪ್ರಾಣಿಗೆ ಹೋಲಿಸಿಕೊಂಡು ಹೇಳಿ," ಅಂದ. ಐವತ್ತೇಳು ವರ್ಷದ ನಾನು ಪ್ರಾಣಿಯಾಗಬೇಕಂತೆ.

ಎಗಿಲ್ ಕರಡಿ ಅಂದ. ಪರದೆಯಲ್ಲಿದ್ದ ಮಾರ್ಗಿಟ್, "ನಾನು ಪ್ರಾಣಿ ಅಲ್ಲಪ್ಪ. ಇದು ಬೇಗ ಮುಗೀದಿದ್ರೆ ದೋಣಿ ತಪ್ಪಿಹೋಗೋ ಹೆಂಗಸು," ಅಂದರು. ಆ ಹೆಂಗಸಿನ ಬಾಯಿಂದ ನಾನು ಕೇಳಿದ ಮೊದಲ ಬುದ್ಧಿಮಾತು.

ಆಮೇಲೆ ಪಂಡಿತ ಬಣ್ಣಬಣ್ಣದ ಚಿತ್ರ ತೋರಿಸಿದ. ಕೋಣೆಯಲ್ಲಿ ಒಟ್ಟಿಗೆ ಕೂತವರಿಗೂ ಪರದೆಯಲ್ಲಿ ಒಬ್ಬೊಬ್ಬರೇ ಇರುವವರಿಗೂ "ಸಮಾನ ಅನುಭವ" ಸಿಗಬೇಕಂತೆ. ಅನುಭವವಂತೆ! ಇವನೇನು ಬಿಸಿನೀರಿನ ಕೊಳ ನಡೆಸುತ್ತಾನೆಯೇ? ಮೀನಿಗೆ ಈಜು ಕಲಿಸಲು ಬಂದ ಬೆಕ್ಕು. ಬ್ರೆಡ್ಡಿನ ಬುತ್ತಿ ಬಿಚ್ಚಿ ಅವನೆದುರೇ ತಿಂದೆ.

ನವೆಂಬರ್ ೧೦, ಸೋಮವಾರ

ಅಂಗಡಿಯ ಮುಂದೆ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದೆ. ಪಾದದ ಕೀಲು ಮುರಿದಿದೆ. ಪ್ಲಾಸ್ಟರ್ ಹಾಕಿದ ಹುಡುಗ ನನ್ನ ವಿದ್ಯಾರ್ಥಿಯಾಗಿದ್ದವನಂತೆ. ಸುತ್ತುಸುತ್ತಿಗೂ ನನ್ನ ಮುಖ ನೋಡುತ್ತಿದ್ದ. ನೋಡಲಿ.

ನವೆಂಬರ್ ೧೩, ಗುರುವಾರ

ಕೋಪ ಇನ್ನೂ ಇಳಿದಿಲ್ಲ.

ಕಾಲನ್ನು ದಿಂಬಿನ ಮೇಲಿಟ್ಟು ಮನೆಯಿಂದಲೇ ಸಭೆಗೆ ಸೇರಿದೆ. ನನ್ನ ಬದಲು ಎಗಿಲ್ ನಡೆಸಿದ. ನಡೆಸಿದ ಅನ್ನುವುದು ದೊಡ್ಡ ಮಾತು. ನನಗೆ ಕಂಡದ್ದು ದೂರದಲ್ಲೊಂದು ಮೇಜು, ಅದರ ಕೊನೆಗೆ ಬಟಾಣಿ ಕಾಳಿನ ಗಾತ್ರದ ತಲೆಗಳು. ಕೇಳಿದ್ದು ಚಮಚದ ಸದ್ದು. ನಮ್ಮ ಮೈಕ್ ಕಾಫಿ ಹೂಜಿಯ ಪಕ್ಕದಲ್ಲಿದೆ. ಹೂಜಿ ಮಾತಾಡಿದರೆ ಸ್ಪಷ್ಟವಾಗಿ ಕೇಳುತ್ತದೆ, ಮನುಷ್ಯರು ಮಾತಾಡಿದರೆ ಕೇಳುವುದಿಲ್ಲ.

ಯಾರೋ ಏನೋ ಅಂದರು, ಎಲ್ಲರೂ ನಕ್ಕರು. "ಏನಂದ್ರಿ?" ಎಂದೆ. ಒಂದು ಬಟಾಣಿಯೂ ಇತ್ತ ತಿರುಗಲಿಲ್ಲ. ಮಾತಿಗೆ ಅವಕಾಶ ಕೇಳಲು ಪರದೆಯ ಮೇಲಿನ ಆ ಹಳದಿ ಕೈಗುರುತನ್ನು ಎತ್ತಿದೆ. ಅದು ಎತ್ತಿದ್ದು ಎತ್ತಿದಂತೆಯೇ ಇತ್ತು, ಭಿಕ್ಷೆ ಬೇಡುವವರ ಹಾಗೆ. ಕೊನೆಗೆ ಎಗಿಲ್, "ಹಾಗಾದ್ರೆ ಬೆಳಗ್ಗೆ ಕಾರಿಡಾರಿನಲ್ಲಿ ಮಾತಾಡ್ಕೊಂಡ ಹಾಗೇ ಮಾಡೋಣ," ಅಂದ. ಏನು ಮಾತಾಡಿಕೊಂಡರು? ಯಾವ ಕಾರಿಡಾರು? ನನ್ನ ಗಾಯದ ಆರೈಕೆಯ ಪರೀಕ್ಷೆಯನ್ನೇ ಬೇರೆ ವಾರಕ್ಕೆ ದಬ್ಬಿದ್ದಾರೆ!

"ಒಪ್ಪಲ್ಲ!" ಎಂದು ಕೂಗಿದೆ. ಸ್ಟೈನಾರ್ ಅಡುಗೆಮನೆಯಿಂದ ಓಡಿಬಂದ. ಪರದೆಯಲ್ಲಿ ಯಾರೋ, "ಗುನ್ವೊರ್ ಮಾತೇ ಇಲ್ಲ, ನಿದ್ದೆ ಬಂದಿರಬೇಕು ಪಾಪ," ಅಂದರು.

ಪಾಪವಂತೆ!

ಆಗ ಕೆಳಗೆ ಒಂದು ಸಾಲು ಮೂಡಿತು, ನನಗೊಬ್ಬಳಿಗೆ ಮಾತ್ರ ಕಾಣುವಂತೆ. ಯೋಹಾನ್ನೆ ಬರೆದಿದ್ದಳು: "ಯಾವಾಗಲೂ ಹೀಗೇ ಇರುತ್ತೆ. ಹೋಗ್ತಾ ಹೋಗ್ತಾ ರೂಢಿಯಾಗುತ್ತೆ." ಪಕ್ಕದಲ್ಲೊಂದು ನಗುಮುಖ.

ನನಗೆ ರೂಢಿಯಾಗುವುದಿಲ್ಲ. ನಾನೇನು ಬಿಟ್ಟಿ ಬಿದ್ದವಳೇ?

ನವೆಂಬರ್ ೧೭, ಸೋಮವಾರ

ಕಾಲು ನೋವಿಗೆ ಯಾರಿಗಾದರೂ ಬೈಯಬೇಕೆನಿಸಿತು. ಒಳನಾಡಿಗೆ ಫೋನ್ ಮಾಡಿದೆ.

"ನೀಲಾಸ್, ನೀವು ಕ್ಯಾಮೆರಾ ಯಾಕೆ ಹಾಕಲ್ಲ? ಸಭೇಲಿ ಮುಖ ತೋರಿಸೋದು ಕನಿಷ್ಠ ಮರ್ಯಾದೆ."

ಆ ಕಡೆ ಮೌನ. ಕಟ್ಟಾಯಿತೆಂದುಕೊಂಡೆ. ಆಮೇಲೆ ನಿಧಾನವಾದ ದನಿ: "ಇಲ್ಲಿ ಲೈನ್ ಬಡಕಲು. ಚಿತ್ರ ಹಾಕಿದ್ರೆ ದನಿ ಸಾಯುತ್ತೆ. ಎರಡರಲ್ಲಿ ಒಂದು ಅಂದಾಗ ದನಿ ಇಟ್ಟುಕೊಂಡೆ."

"ಹೇಳಬೇಕಿತ್ತು."

"ಹೇಳಿದ್ದೆ. ಮೊದಲನೇ ವರ್ಷವೇ."

"ಆ ದನೀನಾದ್ರೂ ಎಲ್ಲಿ? ಕೇಳಿದಾಗ ಮಾತಾಡಲ್ಲ, ಮುಗಿದ ಮೇಲೆ ಶುರು ಮಾಡ್ತೀರಿ."

"ನನ್ನ ಮಾತು ನಿಮಗೆ ತಡವಾಗಿ ತಲುಪುತ್ತೆ. ನೀವು ಕಾಯಲ್ಲ."

"ಎಷ್ಟು ಕಾಯಬೇಕು?"

"ಒಂದು ಉಸಿರು ಎಳೆದು ಬಿಡುವಷ್ಟು."

"ಅಷ್ಟೇನಾ?"

"ಅಷ್ಟೇ. ಪಟ್ಟಣದಲ್ಲಿ ಅದು ಬಹಳ ಹೊತ್ತು ಅಂತ ಕಾಣುತ್ತೆ."

ಎಂಥ ಒರಟ! ಫೋನ್ ಇಟ್ಟ ಮೇಲೆ ಒಮ್ಮೆ ಉಸಿರೆಳೆದು ಬಿಟ್ಟು ನೋಡಿದೆ. ಎದುರಿಗೆ ಕೂತಿದ್ದ ಸ್ಟೈನಾರ್, "ನೋವಾಗ್ತಿದೆಯಾ?" ಅಂದ.

ಡಿಸೆಂಬರ್ ೪, ಗುರುವಾರ

ನನ್ನ ಕಾಲಿಗಾಗಿ ಒಂದು ವಾರ ಮುಂದೂಡಿದ್ದ ಸಭೆಗೆ ಊರುಗೋಲು ಊರಿಕೊಂಡು ಕಾಲೇಜಿಗೆ ಹೋದೆ. ಸಭಾಕೊಠಡಿಗೆ ಬೀಗ ಹಾಕಿಸಿದೆ. ಎಲ್ಲರೂ ಅವರವರ ಕೋಣೆಯಲ್ಲಿ, ಅವರವರ ಯಂತ್ರದ ಮುಂದೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರಬೇಕು.

ಎಗಿಲ್ ಬಾಗಿಲಿಗೆ ಬಂದ. "ಪಕ್ಕದ ಕೋಣೆಯವರ ಜೊತೆ ಪರದೆಯಲ್ಲಿ ಮಾತಾಡಬೇಕಾ? ಹುಚ್ಚು ಅಲ್ವಾ?"

"ಹುಚ್ಚೇ."

"ಮತ್ತೆ ಕೇಕು?"

"ನಿನ್ನ ಕೋಣೆಲಿ ತಿನ್ನು. ಒಬ್ಬನೇ ತಿಂದ್ರೆ ಪೂರ್ತಿ ನಿಂದೇ."

ಆ ಲೆಕ್ಕ ಅವನಿಗೆ ಹಿಡಿಸಿತು.

ನನ್ನ ಹೊಸ ನಿಯಮಗಳು: ಸುದ್ದಿ ಹೇಳುವುದಿದ್ದರೆ ಮೊದಲೇ ಬರೆದು ಕಳಿಸಿ, ಓದಿಕೊಂಡು ಬರುತ್ತೇವೆ. ಸಭೆಯಲ್ಲಿ ತೀರ್ಮಾನದ ಮಾತು ಮಾತ್ರ. ಚಿಕ್ಕ ಶಾಖೆ ಮೊದಲು, ಪಟ್ಟಣ ಕೊನೆಗೆ. ಹೆಸರು ಕರೆದು ಕೇಳುತ್ತೇನೆ, ಕರೆದವರು ಮಾತಾಡುವವರೆಗೆ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಇಷ್ಟೇ. ಎಲ್ಲ ನನ್ನ ತಲೆಯಿಂದಲೇ ಬಂದದ್ದು. ಹಳದಿ ಕಾಲುಚೀಲದವರು ಯಾರೂ ಬೇಕಾಗಲಿಲ್ಲ.

ನೀಲಾಸ್‌ನನ್ನು ಕರೆದು ಕಾದೆ. ಎಗಿಲ್ ಬಾಯಿ ತೆರೆದ. ಬೆರಳೆತ್ತಿ ತೋರಿಸಿದೆ, ಮುಚ್ಚಿದ. ದನಿ ಬಂತು. ಆ ಮನುಷ್ಯ ಒಂದೇ ಒಂದು ಹೆಚ್ಚಿನ ಪದ ಬಳಸುವುದಿಲ್ಲ. ಇವನನ್ನು ನಮ್ಮ ಪ್ರಾಧ್ಯಾಪಕರಿಗೆಲ್ಲ ಪಾಠಕ್ಕೆ ಇಡಬೇಕು.

ಹೊತ್ತಿಗೆ ಮುಂಚೆಯೇ ಮುಗಿಯಿತು. ಯಾರೂ ಎದ್ದು ಹೋಗಲಿಲ್ಲ. "ಇನ್ನೇನ್ ಮಾಡೋದು?" ಎಂದರು ಮಾರ್ಗಿಟ್. ಆಮೇಲೆ ಕ್ರಿಸ್‌ಮಸ್‌ಗೆ ಒಣಮೀನು ಎಷ್ಟು ದಿನ ನೆನೆಹಾಕಬೇಕು ಎಂಬ ಜಗಳ. ದ್ವೀಪದವರ ಪದ್ಧತಿ ಪೂರಾ ತಪ್ಪು, ಹಾಗೆಂದು ಹೇಳಿದೆ ಕೂಡ. ಮುಚ್ಚುವ ಗುಂಡಿ ನನ್ನ ಕೈಯಲ್ಲೇ ಇತ್ತು. ಒತ್ತಲು ಮರೆತೆ.

ಜನವರಿ ೧೫, ಗುರುವಾರ

ನವೆಂಬರಿನಲ್ಲಿ ಮುಳುಗಿದ ಸೂರ್ಯ ಇನ್ನೂ ಮೂಡಿಲ್ಲ. ಕಾಲಿನ ಪ್ಲಾಸ್ಟರ್ ಹೋಗಿದೆ.

ಸಭೆಯಲ್ಲಿ ವಿದ್ಯಾರ್ಥಿಗಳ ಆಸ್ಪತ್ರೆ ತರಬೇತಿಯ ಮಾತು ಬಂತು. ನೀಲಾಸ್ ಒಂದು ಸಂಗತಿ ಹೇಳಿದ. ಅವನ ಊರಿನ ವೃದ್ಧಾಶ್ರಮದಲ್ಲಿ ಒಬ್ಬ ಅಜ್ಜಿ. ಆಯುಷ್ಯವಿಡೀ ನಾರ್ವೇಜಿಯನ್ ಮಾತಾಡಿದವಳು, ನೆನಪು ಕೆಟ್ಟ ಮೇಲೆ ಆ ಭಾಷೆ ಉದುರಿಹೋಗಿ ಬಾಲ್ಯದ ಸಾಮಿ ಮಾತ್ರ ಉಳಿಯಿತು. ರಾತ್ರಿಯೆಲ್ಲ ಏನೋ ಕೂಗುತ್ತಿದ್ದಳು. ತಲೆ ಕೆಟ್ಟಿದೆ ಎಂದು ನಿದ್ದೆಮಾತ್ರೆ ಕೊಡುತ್ತಿದ್ದರು. ನೀಲಾಸ್‌ನ ವಿದ್ಯಾರ್ಥಿನಿ ಬಂದು ಕೇಳಿಸಿಕೊಂಡಳು. ಅಜ್ಜಿ ಕೂಗುತ್ತಿದ್ದದ್ದು, "ನನ್ನ ಹಿಮ್ಮಡಿ ಬೆಂಕಿಯಲ್ಲಿದೆ" ಎಂದು. ಕಾಲುಚೀಲ ಬಿಚ್ಚಿ ನೋಡಿದರೆ ಹಿಮ್ಮಡಿಯಲ್ಲಿ ಎಲುಬು ಕಾಣುವಷ್ಟು ಹುಣ್ಣು.

ಎಗಿಲ್ ಅಗಿಯುವುದನ್ನು ನಿಲ್ಲಿಸಿದ.

ಹಿಮ್ಮಡಿಯ ಹುಣ್ಣು ಅಷ್ಟು ಬೆಳೆಯುವ ತನಕ ಕಾಲುಚೀಲ ಬಿಚ್ಚದವರ ಕಿವಿ ಹಿಂಡಬೇಕು. ಗಾಯದ ಆರೈಕೆಯಲ್ಲಿ ನಾನು ಮೊದಲ ದಿನ ಹೇಳುವುದೇ ಅದು: ನೋಡಿ, ಮುಟ್ಟಿ, ಕೇಳಿ. ಕೇಳಲು ಭಾಷೆ ಬೇಕು ಅನ್ನುವುದನ್ನು ಮಾತ್ರ ಯಾವತ್ತೂ ಹೇಳಿರಲಿಲ್ಲ. ಪಾಠದಲ್ಲಿ ಸೇರಿಸಬೇಕು.

ಜನವರಿ ೨೦, ಮಂಗಳವಾರ

ವಿದಾರ್ ಕರೆಸಿದ. ಮೇಜಿನ ಮೇಲೆ ಗಿಡ, ಗಿಡವೂ ಪ್ಲಾಸ್ಟಿಕ್‌ದು.

ನಾಲ್ಕು ಶಾಖೆಗಳಲ್ಲಿ ಒಂದನ್ನು ಮುಚ್ಚಲೇಬೇಕೆಂದು ಆಡಳಿತ ಮಂಡಳಿ ಹೇಳಿದೆಯಂತೆ. ಯಾವುದು ಎಂದು ಇವನು ಆಗಲೇ ಆರಿಸಿಟ್ಟಿದ್ದಾನೆ: ಒಳನಾಡು. ನಿಯಮದ ಪ್ರಕಾರ ಮೊದಲು ನಮ್ಮ ಸಭೆಯ ಅಭಿಪ್ರಾಯ ಕೇಳಬೇಕು. ಮಾರ್ಚ್‌ನಲ್ಲಿ ಕೇಳುತ್ತಾನಂತೆ.

"ಅರ್ಧ ಗಂಟೆ ಸಾಕು," ಅಂದ. "ಆ ನೀಲಾಸ್ ಹೇಗಿದ್ರೂ ಮಾತಾಡಲ್ಲ. ಸಭೆಯನ್ನ ಕೇಳಿದೆವು ಅಂತ ಬರೆದ್ರೆ ಆಯ್ತು. ಅದು ಏನು ಹೇಳಿತು ಅಂತ ಬರೀಬೇಕಾಗಿಲ್ಲ."

"ಹೌದಾ?"

"ನಿಮ್ಮನ್ನೇ ಯಾಕೆ ಆರಿಸಿದ್ದು ಗೊತ್ತಾ, ಗುನ್ವೊರ್? ಬೆರಿಟ್‌ಗೆ ಅವರ ಮೇಲೆ ಮರುಕ ಜಾಸ್ತಿ. ನಿಮಗೆ ಅವರನ್ನ ಕಂಡ್ರೇ ಆಗಲ್ಲ. ಗುಡಿಸಿ ಹಾಕ್ತೀರಿ."

ನನ್ನನ್ನು ಪೊರಕೆ ಅಂದುಕೊಂಡಿದ್ದಾನೆ.

ಮನೆಗೆ ಬಂದು ಇದ್ದಬದ್ದ ಬಾಣಲೆಗಳನ್ನೆಲ್ಲ ಉಜ್ಜಿದೆ. ಸ್ಟೈನಾರ್ ಒರೆಸಿಟ್ಟ.

ಫೆಬ್ರವರಿ ೯, ಸೋಮವಾರ

ದಿನವಿಡೀ ಫೋನು. ಒಬ್ಬೊಬ್ಬರಿಗೂ ಇದ್ದದ್ದನ್ನು ಇದ್ದಂತೆ ಹೇಳಿದೆ. ಗುಟ್ಟಾಗಿಡಿ ಎಂದು ವಿದಾರ್ ಹೇಳಿರಲಿಲ್ಲ. ಹೇಳುವಷ್ಟು ಬುದ್ಧಿ ಅವನಿಗೆಲ್ಲಿದೆ? ಎಲ್ಲರಿಗೂ ಎರಡೇ ಪ್ರಶ್ನೆ ಕೊಟ್ಟೆ: ನಿಮ್ಮದು ಮುಚ್ಚಿದರೆ ಯಾರು ಏನು ಕಳೆದುಕೊಳ್ಳುತ್ತಾರೆ? ಬೇರೆಯದು ಉಳಿಯಲು ನೀವು ಏನು ಬಿಟ್ಟುಕೊಡಬಲ್ಲಿರಿ? ಯೋಚಿಸಿಕೊಂಡು ಬನ್ನಿ.

ಮಾರ್ಗಿಟ್, "ಅಯ್ಯೋ ಸದ್ಯ, ನಮ್ಮದಲ್ಲವಲ್ಲ," ಎಂದು, ಮರುಕ್ಷಣವೇ ನಾಲಿಗೆ ಕಚ್ಚಿಕೊಂಡು, "ನಾನೆಂಥ ಹೆಂಗಸು ನೋಡಿ," ಅಂದರು.

"ಎಲ್ಲರಂಥ ಹೆಂಗಸೇ. ಪ್ರಶ್ನೆ ಯೋಚಿಸಿ," ಎಂದೆ.

ಯೋಹಾನ್ನೆಯ ಮಗುವಿಗೆ ಹಲ್ಲು ಬರುತ್ತಿದೆ. ಅರ್ಧ ಮಾತು ಅಳುವಿನಲ್ಲಿ ಹೋಯಿತು. ಈ ಹುಡುಗಿ ಮೊದಲು ಸುಟ್ಟಗಾಯದ ವಾರ್ಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದಾಳಂತೆ. ಈವರೆಗೆ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬ್ಯಾಂಡೇಜಿನ ಬಗ್ಗೆ ವಾದಕ್ಕೆ ಬಿದ್ದೆವು. ಕೆಲವು ಕಡೆ ಅವಳು ಹೇಳಿದ್ದು ಸರಿ. ಕೆಲವು ಕಡೆ ಮಾತ್ರ.

ನೀಲಾಸ್ ಎಲ್ಲ ಕೇಳಿಸಿಕೊಂಡು, "ಗೊತ್ತಿತ್ತು," ಅಂದ.

"ಯಾರು ಹೇಳಿದ್ರು ನಿನಗೆ?"

"ಯಾರೂ ಇಲ್ಲ. ಮುಚ್ಚೋ ಅಂಗಡಿಗೆ ಸಾಮಾನು ಬರಲ್ಲ. ಪಾಠಕ್ಕೆ ಅಂತ ನಾವು ಕೇಳಿದ ಮಂಚಗಳು ಎರಡು ವರ್ಷದಿಂದ ಬಂದಿಲ್ಲ."

"ಮತ್ತೆ ಸುಮ್ಮನಿದ್ದೆಯಲ್ಲ, ಮಾರಾಯ?"

ಉಸಿರೆಳೆದು ಬಿಡುವಷ್ಟು ಹೊತ್ತು. "ಸುಮ್ಮನಿರಲಿಲ್ಲ, ಗುನ್ವೊರ್."

ಊಟದ ಹೊತ್ತಿಗೆ ಸ್ಟೈನಾರ್, "ಕುರಿಗಳೆಲ್ಲ ಏನಂದ್ವು?" ಎಂದು ಕೇಳಿದ.

"ಅವರನ್ನ ಕುರಿ ಅನ್ನಬೇಡ."

"ನೀನೇ ಅಂದಿದ್ದು!"

"ನಾನು ಅನ್ನಬಹುದು."

ಮಾರ್ಚ್ ೧೨, ಗುರುವಾರ

ಬರೆದುಬಿಡಬೇಕು, ಇಲ್ಲದಿದ್ದರೆ ನಿದ್ದೆ ಬಾರದು.

ವಿದಾರ್ ಹೊಸ ಅಂಗಿ ತೊಟ್ಟು ತನ್ನ ಚೌಕದಲ್ಲಿ ಹಾಜರಾದ. ಹಿಂದೆ ಪ್ಲಾಸ್ಟಿಕ್ ಗಿಡ. ನಾನು ಶುರು ಮಾಡುವ ಮೊದಲೇ, "ಪ್ರಸ್ತಾವ ಎಲ್ಲರೂ ಓದಿಕೊಂಡಿದ್ದೀರಿ ಅನ್ಕೋತೀನಿ. ಆಕ್ಷೇಪ ಇಲ್ಲ ಅಂದ್ರೆ..." ಅಂದ.

"ವಿದಾರ್, ನಿನ್ನ ಸರದಿ ಕೊನೆಗೆ. ಒಳನಾಡು ಮೊದಲು. ನೀಲಾಸ್, ಹೇಳು."

ಕಾದೆ. ಕಪ್ಪು ಚೌಕ ಕಪ್ಪಾಗಿಯೇ ಇತ್ತು. ನಾವು ಕಾಯಲು ಕಲಿತಿದ್ದೆವು, ವಿದಾರ್ ಕಲಿತಿರಲಿಲ್ಲ.

"ಹೇಳೋದೇನೂ ಇಲ್ಲ ಅಂತ ಕಾಣುತ್ತೆ. ಹಾಗಾದ್ರೆ ನಾವು..."

ಸಭೆ ನಡೆಸುವವರ ಕೈಯಲ್ಲಿ ಒಂದು ಗುಂಡಿ ಇರುತ್ತದೆ. ಒತ್ತಿದೆ. ಡೀನನ ಮೈಕ್ ಆರಿತು. ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು, ದೋಣಿಗೆ ಎಳೆದು ಹಾಕಿದ ಕಾಡ್ ಮೀನಿನ ಹಾಗೆ. ಮಾರ್ಗಿಟ್ ಕೈಯಿಂದ ಬಾಯಿ ಮುಚ್ಚಿಕೊಂಡರು. ಎಗಿಲ್ ತಲೆ ತಗ್ಗಿಸಿದ, ಹೆಗಲು ಕುಲುಕುತ್ತಿತ್ತು.

ಆಮೇಲೆ ನೀಲಾಸ್‌ನ ದನಿ ಬಂತು.

"ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ತಾಯಂದಿರು. ಪಟ್ಟಣಕ್ಕೆ ಬರಲ್ಲ. ಬಂದೋರು ಊರಿಗೆ ವಾಪಸ್ ಹೋಗಲ್ಲ. ನಮ್ಮ ಮುದುಕರು ಕೊನೆಗಾಲದಲ್ಲಿ ನಿಮ್ಮ ಭಾಷೆ ಮರೀತಾರೆ, ನಮ್ಮದನ್ನ ಮರೆಯಲ್ಲ. ಆಗ ಎಲ್ಲಿ ನೋವು ಅಂತ ಕೇಳೋಕೆ ಒಬ್ಬರು ಬೇಕು. ಈ ತರಗತಿ ಹೋದ್ರೆ ಆ ಒಬ್ಬರು ಇರಲ್ಲ. ಬಿಟ್ಟುಕೊಡೋಕೆ ನನ್ನ ಹತ್ತಿರ ಏನೂ ಇಲ್ಲ. ಯೋಚಿಸಿ ನೋಡಿದೆ. ಇಲ್ಲ."

ಯೋಹಾನ್ನೆಯನ್ನು ಕರೆದೆ. ಮಗು ಹೆಗಲ ಮೇಲೆ ನಿದ್ದೆ ಹೋಗಿತ್ತು. ಅವಳ ದನಿ ಪಿಸುಮಾತಿನಷ್ಟು ಸಣ್ಣಗಿತ್ತು.

"ಒಂದನ್ನ ಮುಚ್ಚಲೇಬೇಕು ಅಂದ್ರೆ ನಮ್ಮದನ್ನ ಮುಚ್ಚಿ."

"ಏನಂದೆ?" ಎಂದರು ಮಾರ್ಗಿಟ್.

"ನಮ್ಮ ಹುಡುಗರು ಬೆಳಗಿನ ದೋಣಿ ಹಿಡಿದ್ರೆ ನಿಮ್ಮ ದ್ವೀಪಕ್ಕೆ ಬರಬಹುದು, ಸಂಜೆ ಮನೆಗೆ. ಕಷ್ಟ, ಆದ್ರೆ ಆಗುತ್ತೆ. ಒಳನಾಡಿನವರಿಗೆ ಹೋಗೋಕೆ ಜಾಗಾನೇ ಇಲ್ಲ. ಮಾರ್ಗಿಟ್, ನೀವು ನಮ್ಮವರನ್ನ ಸೇರಿಸಿಕೊಳ್ತೀರಾ?"

ಮಾರ್ಗಿಟ್ ಕಣ್ಣು ಒರೆಸಿಕೊಂಡರು. "ಸೇರಿಸಿಕೊಳ್ಳದೆ? ದೋಣಿ ತಡವಾದ್ರೆ ಪಾಠಾನೂ ತಡವಾಗಿ ಶುರು ಮಾಡ್ತೀನಿ. ದೋಣಿ ವಿಷಯ ನನಗೆ ಬಿಡು."

"ನೀನು?" ಎಂದ ಎಗಿಲ್. "ನಿನ್ನ ಕೆಲಸ ಏನಾಗುತ್ತೆ?"

"ನನಗೆ ಏನಾದ್ರೂ ಸಿಗುತ್ತೆ."

ಸಿಗುತ್ತದಂತೆ! ಆ ಕೊಲ್ಲಿಯಲ್ಲಿ ಮೀನಿನ ಕಾರ್ಖಾನೆ ಬಿಟ್ಟರೆ ಇನ್ನೇನಿದೆ? ಪೆದ್ದು ಹುಡುಗಿ. ಹೀಗೆ ತಾನಾಗಿ ಕೊರಳು ಕೊಡುವವರನ್ನು ಕಂಡರೆ ಮೈ ಉರಿಯುತ್ತದೆ.

ಎಲ್ಲರೂ ನನ್ನನ್ನು ನೋಡುತ್ತಿದ್ದರು. ಪರದೆಯಲ್ಲಿ ಯಾರು ಯಾರನ್ನು ನೋಡುತ್ತಾರೆಂದು ತಿಳಿಯುವುದಿಲ್ಲ ಅನ್ನುತ್ತಾರೆ, ತಿಳಿಯುತ್ತದೆ. ಪಟ್ಟಣದ ಸರದಿ. ಪಟ್ಟಣ ಎಂದರೆ ನಾನೇ.

"ಗಾಯದ ಆರೈಕೆಯ ಪಾಠ ಇನ್ನು ಯೋಹಾನ್ನೆ ಹೇಳಲಿ," ಎಂದೆ. "ಎಲ್ಲ ಶಾಖೆಗೂ, ಅವಳ ಊರಿಂದಲೇ. ಪಟ್ಟಣದ ಮಕ್ಕಳು ಒಂದಿಷ್ಟು ಪರದೆ ನೋಡಲಿ, ಸಾಯಲ್ಲ. ನೀಲಾಸ್, ನೋವನ್ನ ಹೇಗೆ ಕೇಳಬೇಕು, ಯಾವ ಭಾಷೇಲಿ ಕೇಳಬೇಕು ಅನ್ನೋ ಭಾಗ ನಿನ್ನದು. ಅದೂ ಎಲ್ಲರಿಗೂ."

ಎಗಿಲ್ ಕಣ್ಣು ಬಿಟ್ಟ. "ಅದು ನಿನ್ನ ಪಾಠ ಅಲ್ವಾ ಗುನ್ವೊರ್?"

"ಇಪ್ಪತ್ತು ವರ್ಷ ಹೇಳಿದೆ. ಬಾಯಿ ನೋಯುತ್ತೆ."

ಯಾರಿಗಾದರೂ ಒಪ್ಪಿಗೆ ಇಲ್ಲವೇ ಎಂದು ಹೆಸರು ಹಿಡಿದು ಒಬ್ಬೊಬ್ಬರನ್ನೂ ಕೇಳಿದೆ. ಎಲ್ಲರೂ ಒಪ್ಪಿದರು. ನೀಲಾಸ್‌ನ "ಹ್ಞೂಂ" ಬರುವವರೆಗೂ ಕಾದೆ. ಆಮೇಲೆ ಡೀನನ ಮೈಕ್ ಹಾಕಿದೆ.

"ಇದು ಕ್ರಮ ಅಲ್ಲ!" ಎಂದ. ಮುಖ ಬೇಯಿಸಿದ ಸೀಗಡಿಯ ಬಣ್ಣ.

"ಸಭೆಯ ಅಭಿಪ್ರಾಯ ಕೇಳಬೇಕು ಅಂದಿದ್ದೆಯಲ್ಲ, ಕೇಳಿದ್ದಾಯ್ತು. ಏನು ಹೇಳಿತು ಅಂತ ಕೂಡ ಬರೀತೀನಿ, ಮಂಡಳಿಗೆ ನೇರ ಕಳಿಸ್ತೀನಿ. ನಿನ್ನ ಕೈಗೆ ತೊಂದರೆ ಬೇಡ."

ಮಾರ್ಚ್ ೧೩, ಶುಕ್ರವಾರ

ನನ್ನ ಪಾಠ ಕೊಡುತ್ತೇನೆಂದು ಏಕೆ ಹೇಳಿದೆನೋ. ಯಾರೂ ಕೇಳಿರಲಿಲ್ಲ. ಇವತ್ತು ತರಗತಿಗೆ ಹೋಗಿ ನಿಂತಾಗ ಮೊದಲ ಸಾಲಿನ ಹುಡುಗ ಆಕಳಿಸಿದ. ಹೊಡೆಯಬೇಕು ಎನಿಸಿತು, ಮುದ್ದು ಮಾಡಬೇಕು ಎಂದೂ.

ಆಲೂಗಡ್ಡೆ ಸುಲಿದೆ. ಅಗತ್ಯಕ್ಕಿಂತ ಹೆಚ್ಚು.

ಏಪ್ರಿಲ್ ೨೮, ಮಂಗಳವಾರ

ಮಂಡಳಿ ಒಪ್ಪಿತು. ಒಳನಾಡು ಉಳಿಯಿತು. ಕೊಲ್ಲಿಯ ತರಗತಿ ಶರತ್ಕಾಲದಿಂದ ದ್ವೀಪಕ್ಕೆ. ಯೋಹಾನ್ನೆಯ ಕೆಲಸ ಅವಳ ಊರಲ್ಲೇ, ನನ್ನ ಪಾಠದೊಂದಿಗೆ.

ವಿದಾರ್ ಎಲ್ಲರಿಗೂ ಪತ್ರ ಕಳಿಸಿದ್ದಾನೆ: "ನಾವು ರೂಪಿಸಿದ ಹೊಸ ಮಾದರಿ" ಎಂದು. ನಾವು ಎಂದರೆ ಅವನು ಮತ್ತು ಅವನ ಪ್ಲಾಸ್ಟಿಕ್ ಗಿಡ. ಅದೇ ಪತ್ರದ ಕೊನೆಯಲ್ಲಿ ಇನ್ನೊಂದು ಸಾಲು: ಶರತ್ಕಾಲದಿಂದ ಸಭೆಯನ್ನು ಎಗಿಲ್ ನಡೆಸುತ್ತಾನೆ, ಆ ಹೊಣೆಗೆ "ಸೌಮ್ಯ ಸ್ವಭಾವ" ಬೇಕಂತೆ.

ಎಗಿಲ್ ಓಡಿಬಂದ, ತಪ್ಪು ಮಾಡಿದವನ ಹಾಗೆ. "ನಾನು ಕೇಳಿರಲಿಲ್ಲ ಕಣೇ."

"ಗೊತ್ತು. ಚಿಕ್ಕ ಶಾಖೆ ಮೊದಲು. ಹೆಸರು ಕರೆದು ಕೇಳು. ಬಾಯಲ್ಲಿ ಕೇಕ್ ಇಟ್ಟುಕೊಂಡು ನಡೆಸಿದ್ರೆ ಬಂದು ಒದೀತೀನಿ."

ಮಾರ್ಗಿಟ್ ಫೋನ್ ಮಾಡಿ ವಿದಾರ್‌ನನ್ನು ಬಾಯಿಗೆ ಬಂದಂತೆ ಬೈದರು. ಬೈಗುಳದಲ್ಲಿ ನನಗಿಂತ ಒಂದು ಕೈ ಮೇಲು. ಇಷ್ಟು ದಿನ ದೋಣಿಯ ಹಿಂದೆ ಬಚ್ಚಿಟ್ಟಿದ್ದರು.

ಜೂನ್ ೧೭, ಬುಧವಾರ, ಕೊಲ್ಲಿಯಲ್ಲಿ

ಪಾಠಕ್ಕೆ ಬೇಕಾದ ಸಾಮಾನನ್ನು ಪಾರ್ಸೆಲ್‌ನಲ್ಲಿ ಕಳಿಸಿದರೆ ಒಡೆದುಹಾಕುತ್ತಾರೆ. ಹಾಗಾಗಿ ನಾನೇ ಹೊತ್ತುಕೊಂಡು ಬಂದೆ. ಬೇರೆ ಕಾರಣವೇನೂ ಇಲ್ಲ. ಹಾಸಿಗೆಹುಣ್ಣು ತೋರಿಸುವ ರಬ್ಬರಿನ ಸೊಂಟ, ಸೊಂಟದ ಕೆಳಗಿನದೂ ಸೇರಿ, ನಿಜವಾದ ಗಾತ್ರದ್ದು. ಚೀಲದಲ್ಲಿ ಹಿಡಿಸಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂರಿಸಿದೆ. ದೋಣಿ ಹತ್ತುವಾಗ ಚೀಟಿ ನೋಡುವವನು ಅದನ್ನೂ ನನ್ನನ್ನೂ ಮೇಲೆ ಕೆಳಗೆ ನೋಡಿದ.

"ಇವರಿಗೆ ಅರ್ಧ ಟಿಕೆಟ್ಟಾ?"

"ಅರ್ಧ ಮನುಷ್ಯನಿಗೆ ಅರ್ಧ ಟಿಕೆಟ್. ನಿನ್ನದು ಯಾವ ಅರ್ಧ ಅಂತ ನಾನು ಕೇಳಿದ್ನಾ?"

ದಕ್ಕೆಯ ಮೇಲೆ ಯೋಹಾನ್ನೆ ನಿಂತಿದ್ದಳು, ಮಗುವನ್ನು ಎದೆಗೆ ಕಟ್ಟಿಕೊಂಡು. ಎತ್ತರದವಳು ಎಂದುಕೊಂಡಿದ್ದೆ, ನನ್ನ ಹೆಗಲಿಗೂ ಬರುವುದಿಲ್ಲ. ರಬ್ಬರ್ ಸೊಂಟವನ್ನು ಕಂಡು ಎಷ್ಟು ನಕ್ಕಳೆಂದರೆ ಮಗು ಎಚ್ಚರವಾಗಿ ಅಳತೊಡಗಿತು.

ಅಡುಗೆಮನೆಯ ಮೇಜಿನ ಮೇಲೆ, ಮಗುವಿನ ಗಂಜಿ ಬಟ್ಟಲುಗಳ ನಡುವೆ, ಸೊಂಟವನ್ನು ಮಲಗಿಸಿದೆವು. ಆಳವಾದ ಹುಣ್ಣಿಗೆ ಪಟ್ಟಿ ತುಂಬುವುದನ್ನು ನನ್ನ ಕ್ರಮದಲ್ಲಿ ತೋರಿಸಿದೆ.

"ಈಗ ನೀನು ಮಾಡು," ಎಂದೆ.

ಅವಳು ಬೇರೆ ಥರ ಹಿಡಿದಳು. ಮೊದಲು ಅಂಚನ್ನು ಮುಟ್ಟಿ ನೋಡಿದಳು, ರಬ್ಬರಿಗೆ ನೋವಾದೀತು ಎನ್ನುವ ಹಾಗೆ. ತಪ್ಪು ಎಂದು ಹೇಳಲು ಬಾಯಿ ತೆರೆದೆ. ಆಮೇಲೆ ಅವಳ ಕೈ ನೋಡಿದೆ. ತಪ್ಪಾಗಿರಲಿಲ್ಲ. ನನ್ನದಕ್ಕಿಂತ ಹಗುರವಾಗಿತ್ತು.

ಬಾಯಿ ಮುಚ್ಚಿಕೊಂಡು ಕಾಫಿ ಕುಡಿದೆ. ಕೊಲ್ಲಿಯವರಿಗೆ ಕಾಫಿ ಮಾಡಲು ಬರುವುದಿಲ್ಲ, ಬರಿಯ ಬಣ್ಣದ ನೀರು. ಇನ್ನೊಂದು ಲೋಟ ಕೇಳಿದೆ.